ಹತ್ತೊಂಬತ್ತನೇ ಪ್ಯಾರಾ

ತನಗೆ ಸ್ವಂತ ಬುದ್ಧಿ ಅಂತ ಒಂದಿದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೆ ಹತ್ತಿದ್ದು ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳಲ್ಲಿ. ಅದನ್ನು ಯಾರಿಗೂ ಹೇಳಿರಲಿಲ್ಲ. ಡೈರಿಗೆ ಮಾತ್ರ ಹೇಳಿದ್ದಳು, ಅದೂ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಬಹುದು ಎಂಬ ಧೈರ್ಯದಲ್ಲಿ. ‘ಸೋಮವಾರ ಮನೆ ಮಾಲೀಕನದೇ ಸರಿ ಅನ್ನಿಸಿತು. ಬುಧವಾರ ಇನ್ನೊಂದು ಕೇಸಿನ ಬಾಡಿಗೆಯವಳದೇ ಸರಿ ಅನ್ನಿಸಿತು. ಶುಕ್ರವಾರ ಇಬ್ಬರದೂ ತಪ್ಪು ಅಂತ ಬಂತು, ಅದೂ ಸರಿಯೇ ಅನ್ನಿಸಿತು. ಟೈಪು ಮಾಡಿದ್ದೆಲ್ಲ ನಿಜ ಅನ್ನಿಸಿಬಿಡುವ ಹುಡುಗಿಗೆ ಏನನ್ನಬೇಕು?’

ಕೆಲಸವೇನೋ ದೊಡ್ಡದಲ್ಲ. ನ್ಯಾಯಾಲಯದ ಎರಡನೇ ಮಹಡಿಯಲ್ಲಿ, ಹಿಂದಿನ ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ನ್ಯಾಯಾಧೀಶೆಯವರು ಹೇಳಿದ್ದನ್ನು ಟೈಪು ಮಾಡುವುದು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿದ್ದನ್ನು ಅವಳೇ ಟೈಪು ಮಾಡಬೇಕು, ಕೊನೆಗೆ ತೀರ್ಪನ್ನೂ ಅವಳೇ ಮಾಡಬೇಕು. ಬಿ.ಎ. ಓದಿದವಳಿಗೆ ಇದಕ್ಕಿಂತ ಮೇಲಿನದು ಸಿಗಲಿಲ್ಲವೇ ಎಂದು ಬಂಧುಗಳು ಕೇಳಿದಾಗ ಅವಳು ನಕ್ಕು ಸುಮ್ಮನಾಗಿದ್ದಳು. ಸುಮ್ಮನಾಗುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಕೋರ್ಟಿನ ಹೆಡ್ ಕ್ಲರ್ಕ್ ಅವಳಿಗೆ ‘ಸದ್ದಿಲ್ಲದಮ್ಮ’ ಎಂದು ಸೇರಿದ ವಾರದಲ್ಲೇ ಹೆಸರಿಟ್ಟಿದ್ದರು.

ಅಷ್ಟು ಸಣ್ಣ ಕೆಲಸದಲ್ಲಿ ಇಷ್ಟು ದೊಡ್ಡ ಚಿಂತೆ ಹುಟ್ಟಿದ್ದಕ್ಕೆ ಕಾರಣ ಆ ನ್ಯಾಯಾಧೀಶೆ. ಎಲ್ಲರಿಗೂ ಅವರು ಬರೀ ಮೇಡಂ. ಐವತ್ತೆಂಟು ವರ್ಷ, ಬಲಗಾಲಿನ ಮಂಡಿಯಲ್ಲಿ ನೋವು, ಆದರೂ ಕೂತು ತೀರ್ಪು ಹೇಳಲು ಅವರಿಗೆ ಬಾರದು. ಚಪ್ಪಲಿ ಮೇಜಿನ ಕೆಳಗೆ ಬಿಟ್ಟು ಬರಿಗಾಲಲ್ಲಿ ಕಿಟಕಿಯಿಂದ ಬೀರುವಿಗೆ ಒಂಬತ್ತು ಹೆಜ್ಜೆ, ಬೀರುವಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಕುಂಟು ನಡಿಗೆ ಹೇಗೋ ವಾಕ್ಯವೂ ಹಾಗೆ: ಒಂದು ಉದ್ದ, ಒಂದು ಗಿಡ್ಡ. ಅನುಮಾನವನ್ನೆಲ್ಲ ಉದ್ದದ ವಾಕ್ಯದಲ್ಲಿ ಹೇಳುವರು, ತೀರ್ಮಾನವನ್ನು ಗಿಡ್ಡದರಲ್ಲಿ.

“ಗೆದ್ದೋರು ತೀರ್ಪು ಓದೋದಿಲ್ಲ ನೋಡಮ್ಮ,” ಎಂದು ಮೊದಲನೇ ದಿನವೇ ಹೇಳಿದ್ದರು. “ಕೊನೇ ಸಾಲು ನೋಡ್ತಾರೆ, ಮಡಚಿ ಚೀಲಕ್ಕೆ ಹಾಕ್ತಾರೆ. ಪೂರ್ತಿ ಓದೋರು ಸೋತೋರು. ಎಲ್ಲಿ ಸೋತೆ, ಎಲ್ಲಿ ಸೋತೆ ಅಂತ ಹುಡುಕ್ತಾ ಹತ್ತು ಸಲ ಓದ್ತಾರೆ. ನಾವು ಬರೆಯೋದು ಅವರಿಗೆ.”

ಅವಳು ಟೈಪು ಮಾಡಿದ ಮೊದಲನೇ ತೀರ್ಪು ಅಣ್ಣತಮ್ಮಂದಿರಿಬ್ಬರು ಒಂದು ನಡುಗೋಡೆಗಾಗಿ ಆರು ವರ್ಷ ಜಗಳವಾಡಿದ ಕೇಸಿನದು. ಬೇರೆಯವರಾಗಿದ್ದರೆ ‘ವಾದಿಯು ಸಲ್ಲಿಸಿದ ದಾವೆಯ ಸಂಕ್ಷಿಪ್ತ ವಿವರವೇನೆಂದರೆ’ ಎಂದು ಶುರು ಮಾಡುತ್ತಿದ್ದರು. ಮೇಡಂ ಕಿಟಕಿಯ ಹತ್ತಿರ ನಿಂತು ಹೇಳಿದ್ದು ಇಷ್ಟು: ‘ಈ ಗೋಡೆಯನ್ನು ಕಟ್ಟಿಸಿದ ತಂದೆ ಅದರ ಎರಡೂ ಮುಖಕ್ಕೆ ಒಂದೇ ಬಣ್ಣ ಹೊಡೆಸಿದ್ದರು.’ ಅವಳ ಬೆರಳು ನಿಂತುಹೋಯಿತು. ಇನ್ನೂ ಇಪ್ಪತ್ತೆರಡು ಪುಟ ಬಾಕಿಯಿತ್ತು, ಕಾನೂನು ಬರಬೇಕಿತ್ತು, ಅಳತೆಯ ನಕ್ಷೆ ಬರಬೇಕಿತ್ತು. ಆದರೆ ಓದುವವನು ಮೊದಲನೇ ಸಾಲಿಗೇ ಅಪ್ಪನ ಎದುರು ಹೋಗಿ ತಲೆ ತಗ್ಗಿಸಿ ನಿಂತಾಗಿತ್ತು. ಸೋತ ತಮ್ಮ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಹೆಡ್ ಕ್ಲರ್ಕ್ ಹೇಳಿದ ಪ್ರಕಾರ, ತೀರ್ಪಿನ ನಕಲು ತೆಗೆದುಕೊಂಡವನು ಕಾರಿಡಾರಿನ ಬೆಂಚಿನ ಮೇಲೇ ಕೂತು ಓದಿ, ಅಣ್ಣನಿಗೆ ಫೋನು ಮಾಡಿ, ‘ಬಣ್ಣ ಹೊಡೆಸೋದು ಯಾವಾಗ?’ ಎಂದು ಕೇಳಿದನಂತೆ. ಹೆಡ್ ಕ್ಲರ್ಕ್ ಹೇಳುವುದರಲ್ಲಿ ಅರ್ಧ ಅವರೇ ಸೇರಿಸಿದ್ದು. ಆದರೂ ಅವಳು ಅದನ್ನು ಪೂರ್ತಿ ನಂಬಿದಳು.

ಹೀಗೆ ಒಂದೊಂದಾಗಿ ಅವರ ಕೈಚಳಕ ಅವಳಿಗೆ ಗೊತ್ತಾಗುತ್ತ ಬಂತು. ಸೋಲುವವರ ವಾದವನ್ನು ಮೊದಲು ಹೇಳುವರು, ಅವರ ವಕೀಲರಿಗಿಂತ ಚೆನ್ನಾಗಿ ಹೇಳುವರು. ಓದಿದವನಿಗೆ ‘ಅಯ್ಯೋ, ಇದನ್ನೇ ಅಲ್ಲವೇ ನಾನು ಹೇಳಬೇಕೆಂದಿದ್ದು’ ಅನ್ನಿಸಬೇಕು. ಆಮೇಲೆ ಮೆತ್ತಗೆ, ಯಾಕೆ ಅದು ಸಾಲದು ಎಂದು ಹೇಳುವರು. ‘ಒಂದನೇ ಪ್ರತಿವಾದಿ’ ಎನ್ನುವ ಬದಲು ‘ಈ ಬಡಗಿ’ ಎನ್ನುವರು, ‘ಈ ಮಲತಾಯಿ’ ಎನ್ನುವರು. ಯಾರನ್ನೂ ಬೈಯುವುದಿಲ್ಲ. ‘ಸ್ಪಷ್ಟವಾಗಿ’, ‘ನಿಸ್ಸಂದೇಹವಾಗಿ’ ಎಂಬ ಎರಡು ಮಾತಿಗೆ ಆ ಕೋಣೆಯೊಳಗೆ ಪ್ರವೇಶವಿರಲಿಲ್ಲ. “ಅಷ್ಟು ಸ್ಪಷ್ಟವಾಗಿದ್ದಿದ್ರೆ ಇಬ್ಬರು ವಕೀಲರು ಮೂರು ವರ್ಷ ಊಟ ನಿದ್ದೆ ಬಿಟ್ಟು ಯಾಕೆ ಕಿತ್ತಾಡ್ತಿದ್ರು?” ಎನ್ನುವರು.

ಕರಡು ಸಿದ್ಧವಾದ ಮೇಲೆ ಒಂದು ಪದ್ಧತಿಯಿತ್ತು. ಅದು ಆ ಕೋಣೆಗೆ ಮಾತ್ರ ಸೇರಿದ್ದು. ಮೇಡಂ ತಮ್ಮ ಮೆತ್ತನೆಯ ಕುರ್ಚಿ ಬಿಟ್ಟು, ಎದುರಿಗಿದ್ದ ನೆಟ್ಟ ಬೆನ್ನಿನ ಮರದ ಕುರ್ಚಿಗೆ ಬಂದು ಕೂತು ಕಣ್ಣು ಮುಚ್ಚುವರು. ಅಷ್ಟು ಹೊತ್ತು ಅವರು ನ್ಯಾಯಾಧೀಶೆಯಲ್ಲ, ಆ ಕೇಸಿನಲ್ಲಿ ಸೋತವರು. ಅವಳು ಇಡೀ ತೀರ್ಪನ್ನು ಗಟ್ಟಿಯಾಗಿ ಓದಬೇಕು. ಅವಳಿಗಿಂತ ಮುಂಚೆ ಆ ಜಾಗದಲ್ಲಿದ್ದವನದು ಬಲು ಚಂದದ ದನಿಯಂತೆ. ರೇಡಿಯೋದಲ್ಲಿ ವಾರ್ತೆ ಓದಬೇಕಾದವನು ದಾರಿ ತಪ್ಪಿ ಇಲ್ಲಿಗೆ ಬಂದಿದ್ದ ಎಂದು ಹೆಡ್ ಕ್ಲರ್ಕ್ ಹೇಳುತ್ತಿದ್ದರು. ಮೇಡಂ ಅವನನ್ನು ಬೇರೆ ವಿಭಾಗಕ್ಕೆ ಕಳಿಸಿದರು. “ಅವನು ಓದಿದ್ರೆ ತಪ್ಪು ವಾಕ್ಯಾನೂ ಚೆನ್ನಾಗಿ ಕೇಳಿಸ್ತಿತ್ತು,” ಎಂದರು. “ನಿನ್ನ ದನಿಯಲ್ಲಿ ಬಣ್ಣ ಇಲ್ಲ. ಬೇಜಾರು ಮಾಡ್ಕೋಬೇಡ, ಅದು ಗುಣ. ನಿನ್ನ ಬಾಯಲ್ಲೂ ನಿಂತ್ರೆ ಆ ವಾಕ್ಯ ಗಟ್ಟಿ.”

ಜೀವಮಾನದಲ್ಲಿ ಅವಳ ದನಿಯನ್ನು ಯಾರಾದರೂ ಬೇಕು ಎಂದಿದ್ದು ಅದೇ ಮೊದಲು.

ಓದುವ ಮುಂಚೆ ಇನ್ನೊಂದು ಕೆಲಸ. ಸಂಗತಿ ಹೇಳುವ ಪ್ರತಿ ವಾಕ್ಯದ ಪಕ್ಕದಲ್ಲಿ, ಆ ಸಂಗತಿ ಕಡತದ ಎಷ್ಟನೇ ಪುಟದಲ್ಲಿದೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಮೇಡಂ ಅದನ್ನು ‘ಮೊಳೆ’ ಎನ್ನುವರು. ಚಿತ್ರ ಎಷ್ಟೇ ಸೊಗಸಾಗಿರಲಿ, ಗೋಡೆಯಲ್ಲಿ ಮೊಳೆ ಇಲ್ಲದೆ ಎಲ್ಲಿ ತೂಗುಹಾಕುತ್ತೀಯ ಎಂಬುದು ಅವರ ಲೆಕ್ಕ. ಒಂದೊಂದು ಪ್ಯಾರಾ ಮುಗಿದಾಗ ಕಣ್ಣು ತೆರೆಯದೆ “ಮೊಳೆ?” ಎಂದು ಕೇಳುವರು. ಅವಳು “ಏಳು, ಹದಿನಾಲ್ಕು” ಎನ್ನುವಳು. “ಮುಂದೆ” ಎನ್ನುವರು.

ಬಸ್ಸಿನ ಆಯಾಳ ಕೇಸು ತೀರ್ಪಿಗೆ ಬಂದಿದ್ದು ಹೀಗಿರುವಾಗ.

ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸುವ, ಇಳಿಸುವ ಆಯಾ. ಹನ್ನೊಂದು ವರ್ಷದ ಕೆಲಸ. ಒಂದು ದಿನ ಬೆಳಗ್ಗೆ ಐದು ವರ್ಷದ ಮಗುವೊಂದು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿ ಇಳಿಯದೇ ಉಳಿದುಬಿಟ್ಟಿತು. ಬಸ್ಸು ಶೆಡ್ಡಿಗೆ ಹೋಯಿತು, ಬಾಗಿಲಿಗೆ ಬೀಗ ಬಿತ್ತು. ಒಂದೂವರೆ ಗಂಟೆಯ ಮೇಲೆ ಮೆಕ್ಯಾನಿಕ್ ಒಬ್ಬನಿಗೆ ಅಳು ಕೇಳಿಸಿತು. ಮಗುವಿಗೆ ಏನೂ ಆಗಲಿಲ್ಲ, ಆದರೆ ಆಗಬಹುದಾಗಿದ್ದನ್ನು ನೆನೆದರೆ ಯಾರ ಎದೆಯಾದರೂ ಝಲ್ಲೆನ್ನುತ್ತದೆ. ಸೀಟುಗಳನ್ನೆಲ್ಲ ನೋಡಿದ್ದೇನೆ ಎಂದು ದಿನವೂ ಸಹಿ ಮಾಡುವ ಹಾಳೆಯಲ್ಲಿ ಆ ದಿನದ ಚೌಕದೊಳಗೆ ಆಯಾಳ ಸಹಿ ಇತ್ತು. ಶಾಲೆ ಅವಳನ್ನು ತೆಗೆದುಹಾಕಿತು. ಅವಳು ಕೋರ್ಟಿಗೆ ಬಂದಳು. “ಕೆಲಸ ಹೋದ್ರೆ ಇನ್ನೊಂದು ಹುಡುಕ್ಕೋತೀನಿ,” ಎಂದು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ್ದಳು. “ಮಗು ಮರೆತೋಳು ಅಂತ ಹೆಸರು ಬಂತಲ್ಲ, ಅದನ್ನ ಎಲ್ಲಿ ಬಿಡ್ಲಿ?”

ಆಮೇಲೆ ಶಾಲೆಯ ವಕೀಲರು ಎದ್ದರು. ಆ ಸವಾಲು-ಜವಾಬು ಟೈಪು ಮಾಡಿದವಳಿಗೆ ಇವತ್ತಿಗೂ ಬಾಯಿಪಾಠ.

“ಈ ಸಹಿ ನಿಮ್ಮದೇ ತಾನೆ?”

“ಹೌದು.”

“ಸೀಟೆಲ್ಲ ನೋಡಿದ ಮೇಲೇ ಸಹಿ ಹಾಕೋದು ತಾನೆ?”

ಆಯಾ ಹಿಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯೋಪಾಧ್ಯಾಯಿನಿಯ ಕಡೆ ನೋಡಿದಳು. ಅವರ ಪಕ್ಕದಲ್ಲಿ ಬೇರೆ ಬಸ್ಸುಗಳ ಆಯಾಗಳು ಇಬ್ಬರು ಕೂತಿದ್ದರು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ವಕೀಲರು ಇನ್ನೊಮ್ಮೆ ಕೇಳಿದರು. ಮೇಡಂ ಪೆನ್ನು ಕೆಳಗಿಟ್ಟು ಒಂದು ನಿಮಿಷ ಪೂರ್ತಿ ಕಾದರು. ಕೊನೆಗೆ ಟೈಪು ಮಾಡಲು ಹೇಳಿದರು: ‘ಸಾಕ್ಷಿ ಉತ್ತರಿಸಲಿಲ್ಲ.’

ಅವಳು ಟೈಪು ಮಾಡಿದಳು, ಆದರೆ ಬೆರಳಿಗೆ ಏನೋ ಚುಚ್ಚಿದಂತಾಯಿತು. ಮೌನದ ವಿಷಯದಲ್ಲಿ ಅವಳಿಗಿದ್ದಷ್ಟು ಅನುಭವ ಆ ಕಟ್ಟಡದಲ್ಲಿ ಯಾರಿಗಿತ್ತು? ಗೊತ್ತಿಲ್ಲದ್ದಕ್ಕೆ ಸುಮ್ಮನಿರುವುದು ಬೇರೆ, ಗೊತ್ತಿದ್ದೂ ಬಾಯಿ ಬಾರದೆ ಸುಮ್ಮನಿರುವುದು ಬೇರೆ. ಹೇಳಿದರೆ ಇನ್ನೊಬ್ಬರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಸುಮ್ಮನಿರುವುದು ಬೇರೆ, ಹೇಳೋಣ ಎನ್ನುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿಬಿಡುವುದೇ ಬೇರೆ. ಕಡತದಲ್ಲಿ ಇವಕ್ಕೆಲ್ಲ ಒಂದೇ ಸಾಲು. ಆಯಾಳ ವಕೀಲರು ಸಹಿಯ ಗೋಜಿಗೇ ಹೋಗಲಿಲ್ಲ. ಹನ್ನೊಂದು ವರ್ಷ ದುಡಿದವಳಿಗೆ ದಯೆ ತೋರಿಸಿ ಎಂದಷ್ಟೇ ವಾದಿಸಿ ಕೂತರು.

ಗುರುವಾರ ಮಧ್ಯಾಹ್ನ ಮೇಡಂ ಚಪ್ಪಲಿ ಬಿಟ್ಟು ತೀರ್ಪು ಹೇಳತೊಡಗಿದರು. ಹದಿನೆಂಟು ಪ್ಯಾರಾ ಎಂದಿನಂತೆ ನಿಂತು, ಯೋಚಿಸಿ, ಒಂದು ಪದ ತೆಗೆದು ಇನ್ನೊಂದು ಹಾಕಿಸಿ. ಹತ್ತೊಂಬತ್ತಕ್ಕೆ ಬಂದಾಗ ಬೀರುವಿನ ಹತ್ತಿರ ನಿಂತುಬಿಟ್ಟರು. ಬೆಳಗ್ಗೆಯಿಂದ ಬಾಯೊಳಗೇ ಇಟ್ಟುಕೊಂಡಿದ್ದನ್ನು ಬಿಡುವ ಹಾಗೆ ಒಂದೇ ಉಸಿರಿಗೆ ಹೇಳಿದರು:

‘ಆ ದಿನವೂ ಆಕೆ ಕೊನೆಯ ಸೀಟಿನವರೆಗೆ ನಡೆದಳು. ಹನ್ನೊಂದು ವರ್ಷ ಬೇರೆಯವರ ಮಕ್ಕಳನ್ನು ಎಣಿಸಿದ ಕಣ್ಣು ಅಂದೂ ಎಣಿಸಿತು. ನೋಡುವುದಕ್ಕೂ ಕಾಣುವುದಕ್ಕೂ ನಡುವೆ ಒಂದು ರೆಪ್ಪೆಯಷ್ಟು ಅಂತರವಿದೆ. ಬದುಕಿನಲ್ಲಿ ಒಮ್ಮೆಯಾದರೂ ಆ ಅಂತರದೊಳಗೆ ಬೀಳದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಆ ಬೆಳಗ್ಗೆ, ಆ ಅಂತರದೊಳಗೆ, ಒಂದು ಮಗು ಮಲಗಿತ್ತು.’

ಅವಳ ಕಣ್ಣು ಮಂಜಾಯಿತು. ಕೀಲಿಗಳು ಕಾಣಲಿಲ್ಲ, ಅಭ್ಯಾಸದ ಮೇಲೆ ಹೊಡೆದಳು. ಎಂಥ ಮಾತು. ಕೆಲಸದಿಂದ ತೆಗೆದದ್ದು ಸರಿ ಎಂದು ಹೇಳುತ್ತಲೇ ಆಯಾಳ ತಲೆ ನೇವರಿಸುವಂತಿತ್ತು. ನೀನು ಸುಳ್ಳು ಸಹಿ ಹಾಕಿದವಳಲ್ಲ, ನೋಡಿದೆ, ಕಾಣಲಿಲ್ಲ, ನಮಗೂ ಹಾಗಾಗುತ್ತದೆ. ಮಗುವಿನ ತಾಯಿ ಓದಿದರೂ ಒಪ್ಪುವಳು, ಶಾಲೆಯವರೂ ಒಪ್ಪುವರು. ಅಲ್ಲಿಂದ ತೀರ್ಮಾನಕ್ಕೆ ಹೋಗುವ ದಾರಿ ಇಳಿಜಾರು, ಯಾರೂ ನಿಲ್ಲಲಾರರು. ಇಪ್ಪತ್ತನೇ ಪ್ಯಾರಾ ಎರಡೇ ಸಾಲು: ‘ದಯೆಯನ್ನು ಕೇಳುವ ಹಕ್ಕು ಆಕೆಗಿದೆ. ಅದನ್ನು ಕೊಡಬೇಕಾದವರು ಆ ಮಗುವಿನ ಮನೆಯವರು, ನಾವಲ್ಲ.’

“ನಾಳೆ ಒಂದು ಗಂಟೆಗೆ ಓದೋಣ,” ಎಂದು ಮೇಡಂ ಚಪ್ಪಲಿ ಹುಡುಕಿದರು. “ಮೂರಕ್ಕೆ ತೀರ್ಪು. ಮೊಳೆ ಹೊಡೆದಿಟ್ಟಿರು.”

ಶುಕ್ರವಾರ ಬೆಳಗ್ಗೆ ಮನೆಯಲ್ಲಿ ಅಮ್ಮ ಅವಳಿಗೂ ಅಕ್ಕನಿಗೂ ತಟ್ಟೆ ಮುಂದಿಡುತ್ತಲೇ ಮಾತು ಶುರು ಮಾಡಿದಳು. ಅಮ್ಮ ಬಟ್ಟೆ ಹೊಲಿಯುವವಳು, ಸಾಮಾನ್ಯವಾಗಿ ಬಾಯಲ್ಲಿ ಗುಂಡುಸೂಜಿ ಇರುತ್ತಾದ್ದರಿಂದ ಮಾತು ಕಡಿಮೆ. ಇವತ್ತು ಮಾತ್ರ ಅಕ್ಕನ ಕೂದಲು ಎಷ್ಟು ಹೊಳೆಯುತ್ತಿದೆ, ತಂಗಿಯ ಮುಖದಲ್ಲಿ ಏನು ಕಳೆ, ಹೊರಗೆ ಗಾಳಿ ಎಷ್ಟು ತಂಪು ಎಂದು ಬಿಡದೆ ಹೊಗಳಿದಳು.

ಅಕ್ಕ ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಟ್ಟಳು. ಕೂದಲು ಕತ್ತರಿಸುವ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮಾತು ಕೇಳುವವಳು ಅವಳು. ಮಾತಿನ ಹಿಂದೆ ಏನಿದೆ ಎಂದು ವಾಸನೆಯಿಂದಲೇ ಹೇಳುವಳು.

“ಎಷ್ಟು ಚಮಚ ಉಪ್ಪು ಹಾಕ್ದೆ ಅಮ್ಮ?”

“ಏನೇ ಹಾಗಂದ್ರೆ?”

“ಉಪ್ಪು ಜಾಸ್ತಿ ಬಿದ್ದ ದಿನ ಮಾತಿಗೆ ಸಕ್ಕರೆ ಹಾಕ್ತೀಯಲ್ಲ. ಇವತ್ತು ನನ್ನ ಕೂದಲನ್ನೂ ಹೊಗಳಿದೀಯ ಅಂದ್ರೆ ಎರಡು ಸಲ ಹಾಕಿರ್ಬೇಕು. ಏನೇ, ನೀನಾದ್ರೂ ಬಾಯಿಬಿಟ್ಟು ಹೇಳೇ, ಮೂರು ತುತ್ತು ನುಂಗಿದೀಯ.”

“ತಿನ್ಬಹುದು,” ಎಂದಳು ತಂಗಿ.

“ನೋಡು ಸಾಕ್ಷಿ. ಇವಳಿಗೆ ಮಣ್ಣು ಬಡಿಸಿದ್ರೂ ತಿನ್ಬಹುದು ಅಂತಾಳೆ. ನಿನ್ನ ಜಡ್ಜಮ್ಮನ ಹತ್ರಾನೂ ಹೀಗೇನಾ?”

ಅವಳು ನಕ್ಕು ನೀರು ಕುಡಿದಳು. ಎರಡು ಲೋಟ ಕುಡಿದಳು.

ಹತ್ತು ಗಂಟೆಗೆ ಕಡತ ಬಿಚ್ಚಿ ಮೊಳೆ ಹೊಡೆಯಲು ಕೂತಳು. ಬಸ್ಸಿನ ನಂಬರು, ಪುಟ ನಾಲ್ಕು. ಮಗು ಕೂತ ಸೀಟು, ಪುಟ ಒಂಬತ್ತು. ಮೆಕ್ಯಾನಿಕ್ ಕೇಳಿದ ಅಳು, ಪುಟ ಇಪ್ಪತ್ತಾರು. ಕೆಲಸ ಸರಾಗವಾಗಿ ಸಾಗಿತು. ಹತ್ತೊಂಬತ್ತನೇ ಪ್ಯಾರಾದ ಮೊದಲನೇ ವಾಕ್ಯಕ್ಕೆ ಬಂದಾಗ ಪೆನ್ಸಿಲು ಗಾಳಿಯಲ್ಲೇ ನಿಂತಿತು. ‘ಆ ದಿನವೂ ಆಕೆ ಕೊನೆಯ ಸೀಟಿನವರೆಗೆ ನಡೆದಳು.’ ನಡೆದದ್ದನ್ನು ಯಾರು ನೋಡಿದರು?

ಆಯಾಳ ಸಾಕ್ಷ್ಯ ತಿರುವಿದಳು, ಇಲ್ಲ. ಮುಖ್ಯೋಪಾಧ್ಯಾಯಿನಿಯದು ತಿರುವಿದಳು, ಇಲ್ಲ. ಮಗುವಿನ ತಾಯಿಯದರಲ್ಲಿ ಇರುವ ಸಂಭವವೇ ಇಲ್ಲ. ಕೊನೆಗೆ ಚಾಲಕನದು. ಅದನ್ನು ಟೈಪು ಮಾಡಿದ ದಿನ ಅವಳಿಗೆ ನೆನಪಿತ್ತು. ಕರೆಂಟು ಹೋಗಿ, ಫ್ಯಾನು ನಿಂತು, ಐದನೇ ಸಾಕ್ಷಿಯ ಹೊತ್ತಿಗೆ ಎಲ್ಲರೂ ಬೆವೆತು ತೂಕಡಿಸುತ್ತಿದ್ದರು. ಹಿಂದಿನ ಕಿಟಕಿಯ ಗಾಜು ಕಪ್ಪಿತ್ತೇ ಎಂದು ಕೇಳಿದ್ದಕ್ಕೆ ಆ ಮಾತುಗಾರ ಚಾಲಕ ಗಾಜಿನಿಂದ ಶುರು ಮಾಡಿ ಎಲ್ಲೆಲ್ಲಿಗೋ ಹೋಗಿದ್ದ. ಮೇಡಂ ತಮ್ಮ ಪುಸ್ತಕದಲ್ಲಿ ‘ಗಾಜು ಕಪ್ಪು’ ಎಂದಷ್ಟೇ ಗುರುತು ಮಾಡಿಕೊಂಡಿದ್ದರು. ಆದರೆ ಅವನು ಹೇಳಿದ್ದೆಲ್ಲ ಪುಟ ಮೂವತ್ತೊಂದರಲ್ಲಿತ್ತು, ಅವಳ ಬೆರಳೇ ಹೊಡೆದದ್ದು:

‘ಗಾಜು ಕಪ್ಪೇ ಇತ್ತು. ಶೆಡ್ಡಿಗೆ ಬಿಡುವಾಗ ನಾನು ಹಿಂದೆ ತಿರುಗಿ ನೋಡಲಿಲ್ಲ, ಅದು ಆಯಾ ಕೆಲಸ. ಆವತ್ತು ಒಂದು ಮಗು ವಾಂತಿ ಮಾಡಿಕೊಂಡಿತೆಂದು ಅದರ ಜೊತೆ ಶಾಲೆಯ ಗೇಟಿನಲ್ಲೇ ಆಯಾಳನ್ನು ಇಳಿಸಿಕೊಂಡರು, ಮಿಕ್ಕ ಮಕ್ಕಳನ್ನು ನಾನೇ ಒಳಗೆ ಇಳಿಸಿದೆ. ಸಹಿಯನ್ನು ಸೋಮವಾರವೇ ವಾರದ್ದೆಲ್ಲ ಹಾಕಿಸಿಕೊಳ್ಳುತ್ತಾರೆ, ಎಲ್ಲ ಬಸ್ಸಿನಲ್ಲೂ ಹಾಗೆಯೇ.’

ಅವಳು ಆ ಪುಟವನ್ನು ನಾಲ್ಕು ಸಲ ಓದಿದಳು. ಇದನ್ನು ಯಾರೂ ಅಲ್ಲಗಳೆದಿರಲಿಲ್ಲ, ಯಾರೂ ಎತ್ತಿಕೊಂಡೂ ಇರಲಿಲ್ಲ. ಆಯಾ ಆ ದಿನ ಮುಖ್ಯೋಪಾಧ್ಯಾಯಿನಿಯ ಕಡೆ, ಬೇರೆ ಆಯಾಗಳ ಕಡೆ ನೋಡಿ ಬಾಯಿ ಕಟ್ಟಿಕೊಂಡದ್ದು ಯಾಕೆಂದು ಈಗ ಹೊಳೆಯಿತು. ಎಲ್ಲ ಬಸ್ಸಿನಲ್ಲೂ ಹಾಗೆಯೇ. ಹೇಳಿದ್ದರೆ ಎಲ್ಲರ ಕೆಲಸಕ್ಕೂ ಸಂಚಕಾರ.

ಅಕ್ಕನ ಬೆಳಗಿನ ಮಾತು ತಲೆಯೊಳಗೆ ಸುಳಿಯಿತು. ಹದಿನೆಂಟು ಪ್ಯಾರಾ ಮೇಡಂ ಎಷ್ಟು ಬಿಗಿಯಾಗಿ ಹೇಳಿದ್ದರು, ಇದೊಂದು ಮಾತ್ರ ಎಷ್ಟು ಸಿಹಿ. ಮೋಸ ಮಾಡಬೇಕೆಂದು ಹಾಕಿದ ಸಿಹಿಯಲ್ಲ, ಅದು ಅವಳಿಗೆ ಗೊತ್ತು. ಮರುಕದಿಂದ ಬಂದದ್ದು. ವಾಕ್ಯ ಮೊದಲು ಬಂದು ಕೂತುಬಿಟ್ಟಿತ್ತು, ಇಷ್ಟು ಚಂದದ್ದನ್ನು ಎಬ್ಬಿಸಿ ನಿನ್ನ ಮೊಳೆ ಎಲ್ಲಿ ಎಂದು ಕೇಳಲು ಯಾರಿಗೂ ಮನಸ್ಸು ಬರಲಿಲ್ಲ, ಹೇಳಿದವರಿಗೂ. ಅವಳಿಗಾದರೂ ಬಂದಿತ್ತೇ? ಅತ್ತಿದ್ದಳಲ್ಲ.

“ಏನ್ ತಾಯಿ, ಪೆನ್ಸಿಲ್ ಕಚ್ಚಿಕೊಂಡು ಕೂತಿದೀರಿ?” ಹೆಡ್ ಕ್ಲರ್ಕ್ ಬಾಗಿಲಲ್ಲಿ ನಿಂತಿದ್ದರು. ಮೂವತ್ತು ವರ್ಷ ಕೋರ್ಟಿನ ಧೂಳು ಕುಡಿದವರು. “ಒಂದು ಮೊಳೆ ಕಮ್ಮಿ ಬಿತ್ತಾ?”

ಅವಳು ಪ್ಯಾರಾ ತೋರಿಸಿದಳು. ಅವರು ಕನ್ನಡಕ ಮೇಲೆತ್ತಿ ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

“ಅಬ್ಬಾ,” ಎಂದರು ಮೆಲ್ಲಗೆ. “ನಾನು ಸತ್ತರೂ ಈಕೆ ಬಾಯಲ್ಲೇ ಎರಡು ಮಾತು ಹೇಳಿಸ್ಬೇಕು.”

“ಮೊಳೆ ಇಲ್ಲ,” ಎಂದಳು.

“ಯಾಕಿಲ್ಲ? ಪುಟ ಹನ್ನೆರಡು. ಸಹಿ ಹಾಳೆ. ನೋಡಿದೀನಿ ಅಂತ ಸಹಿ ಇದೆ ಅಂದ ಮೇಲೆ ನಡೆದುಹೋಗೇ ನೋಡಿರ್ಬೇಕಲ್ಲ, ಹಾರಿಕೊಂಡು ಹೋಗಿರ್ತಾಳಾ? ಹಾಕಿ ಹನ್ನೆರಡು.”

ಅವಳು ಮೂವತ್ತೊಂದನೇ ಪುಟ ಅವರ ಕಡೆ ತಿರುಗಿಸಿದಳು. ಅವರು ಅದನ್ನೂ ಓದಿದರು. ಕನ್ನಡಕ ಇಳಿಸಿ ಒರೆಸಿಕೊಂಡರು.

“ನೋಡಿ ತಾಯಿ. ಅವಳ ವಕೀಲ ಹೇಳ್ಲಿಲ್ಲ. ಅವಳೇ ಹೇಳ್ಲಿಲ್ಲ. ನೀವು ಟೈಪಿಸ್ಟು. ನಿಮ್ಮ ಕೈಲಿರೋದು ಬೆರಳು, ನಾಲಿಗೆ ಅಲ್ಲ.” ಬೈಯುವ ದನಿಯಲ್ಲ, ನಿಜಕ್ಕೂ ಅವಳ ಒಳ್ಳೆಯದಕ್ಕೇ ಹೇಳಿದರು. “ಅಲ್ಲದೆ ಮೇಡಂ ನಿವೃತ್ತಿಗೆ ಇನ್ನೆರಡೇ ವರ್ಷ ಇದೆ. ಈ ತೀರ್ಪು ನಾಳೆ ಎಲ್ಲ ಕಡೆ ಓದ್ತಾರೆ. ಇಂಥದ್ದನ್ನ ಕೆಡಿಸೋಕೆ ನಿಮಗೆ ಮನಸ್ಸು ಬರುತ್ತಾ?”

ಬರುತ್ತಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಆ ಪ್ಯಾರಾ ಬಿದ್ದರೆ ಇಡೀ ತೀರ್ಪು ಬೀಳುತ್ತದೆ, ಜೊತೆಗೆ ಅವಳು ಕೇಳಿದ ಅತ್ಯಂತ ಚಂದದ ಮಾತೂ ಸಾಯುತ್ತದೆ. ಅವಳು ಅಂಚಿನಲ್ಲಿ 12 ಎಂದು ಬರೆದಳು. ಅಳಿಸಿದಳು. ಮತ್ತೆ ಬರೆದಳು. ಕಾಗದ ಆ ಜಾಗದಲ್ಲಿ ತೆಳ್ಳಗಾಯಿತು.

ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಕಡತ ಎದೆಗವಚಿಕೊಂಡು ಕಾರಿಡಾರಿಗೆ ಬಂದಳು. ಬೆಂಚಿನ ಮೇಲೆ ಆಯಾ ಕೂತಿದ್ದಳು. ಐವತ್ತರ ಹೆಂಗಸು, ಎಣ್ಣೆ ಹಾಕಿ ಬಿಗಿದು ಬಾಚಿದ ತಲೆ, ಮಡಿಲಲ್ಲಿ ಬಟ್ಟೆಯ ಚೀಲ. ಪಕ್ಕದಲ್ಲಿ ಯಾರದೋ ಮಗು ಮೆಟ್ಟಿಲ ಕಡೆ ತೆವಳುತ್ತಿತ್ತು. ಅದರ ತಾಯಿ ವಕೀಲರ ಜೊತೆ ಮಾತಿನಲ್ಲಿದ್ದಳು. ಆಯಾ ಎದ್ದೇಳಲಿಲ್ಲ, ಕೂಗಲೂ ಇಲ್ಲ. ಕಾಲು ಚಾಚಿ ದಾರಿಗೆ ಅಡ್ಡ ಇಟ್ಟಳು, ಅಷ್ಟೆ. ಮಗು ಅವಳ ಕಾಲನ್ನೇ ಆಟದ ಸಾಮಾನು ಮಾಡಿಕೊಂಡು ಅಲ್ಲೇ ಕೂತಿತು.

“ಮೂರು ಗಂಟೆಗೇ ಅಲ್ವಾ ಮಗಳೇ?” ಎಂದು ಆಯಾ ಅವಳನ್ನು ಕೇಳಿದಳು.

“ಹೌದಮ್ಮ.”

“ಸೋಲ್ತೀನಿ ಅಂತ ವಕೀಲರು ಹೇಳಿದಾರೆ. ಆಗ್ಲಿ. ನನಗೆ ಓದೋಕೆ ಅಷ್ಟು ಬರೋದಿಲ್ಲ, ಅಳಿಯನ ಕರೆಸಿದೀನಿ. ಒಂದಕ್ಷರ ಬಿಡದಂಗೆ ಓದಿ ಹೇಳಪ್ಪ ಅಂದಿದೀನಿ. ನನ್ನ ಬಗ್ಗೆ ಏನು ಬರೆದಿದಾರೋ ತಿಳೀಲಿ.”

ಅವಳು ತಲೆಯಾಡಿಸಿ ಮುಂದೆ ಹೋದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಅದು ಅವಳಿಗೆ ಹೊಳೆಯಿತು. ಮಗುವಿನ ತಾಯಿ ಹತ್ತೊಂಬತ್ತನೇ ಪ್ಯಾರಾ ನಂಬುವಳು. ಶಾಲೆ ನಂಬುವುದು, ಮೇಲಿನ ಕೋರ್ಟು ನಂಬುವುದು, ಹೆಡ್ ಕ್ಲರ್ಕ್ ನಂಬಿಯಾಯಿತು, ತಾನು ಅತ್ತಾಯಿತು. ಲೋಕದಲ್ಲಿ ಒಬ್ಬಳು ಮಾತ್ರ ಮೊದಲನೇ ಸಾಲಿಗೇ ಅಳಿಯನ ಕೈ ಹಿಡಿದು ನಿಲ್ಲಿಸುವಳು. ತೀರ್ಪು ಬರೆದದ್ದು ಆ ಒಬ್ಬಳಿಗೆ.

ಮೇಡಂ ಆಗಲೇ ಮರದ ಕುರ್ಚಿಗೆ ಬಂದು ಕೂತಿದ್ದರು. ಮಂಡಿಯ ಮೇಲೆ ಅಂಗೈ, ಮುಚ್ಚಿದ ಕಣ್ಣು. “ಶುರು ಮಾಡಮ್ಮ.”

ಅವಳು ಓದಿದಳು. ಬಣ್ಣವಿಲ್ಲದ ದನಿ ಒಂದೊಂದೇ ಪ್ಯಾರಾ ದಾಟಿತು. ಮೊಳೆ? ನಾಲ್ಕು. ಮುಂದೆ. ಮೊಳೆ? ಒಂಬತ್ತು, ಹತ್ತು. ಮುಂದೆ. ಹನ್ನೊಂದನೆಯದರಲ್ಲಿ ಮೇಡಂ ಒಂದು ಪದ ಬದಲಾಯಿಸಿದರು, ಹದಿನೈದರಲ್ಲಿ ಒಂದು ಇಡೀ ವಾಕ್ಯವನ್ನು, “ಇದು ನನ್ನ ಜಂಬ, ತೆಗಿ,” ಎಂದು ಹೊಡೆದುಹಾಕಿಸಿದರು. ಅವಳಿಗೆ ಎದೆ ತುಂಬಿ ಬಂತು. ತನ್ನ ಜಂಬವನ್ನು ತಾನೇ ಹಿಡಿದು ಹೊರಗೆ ಹಾಕುವವರು ಇವರು. ಇವರಿಗೆ ತಾನು ಏನು ಹೇಳಬಲ್ಲೆ?

ಹತ್ತೊಂಬತ್ತು ಬಂತು. ‘ಆ ದಿನವೂ ಆಕೆ ಕೊನೆಯ ಸೀಟಿನವರೆಗೆ ನಡೆದಳು.’ ದನಿ ನಡುಗದಂತೆ ಓದಿದಳು. ರೆಪ್ಪೆಯಷ್ಟು ಅಂತರ, ಅದರೊಳಗೆ ಮಲಗಿದ ಮಗು. ಆ ವಾಕ್ಯಗಳು ಅವಳ ಬಾಯಲ್ಲೂ ನಿಂತವು. ಬಣ್ಣವಿಲ್ಲದ ದನಿಯಲ್ಲೂ ಹೊಳೆದವು. ಕಣ್ಣು ಮುಚ್ಚಿದ್ದ ಮೇಡಂ ಮುಖದಲ್ಲಿ, ಒಳ್ಳೆಯ ಕೆಲಸ ಮುಗಿಸಿದ ಕುಶಲಕರ್ಮಿಯ ಸಣ್ಣ ನೆಮ್ಮದಿ ಮೂಡಿತು.

“ಮೊಳೆ?”

ಅಂಚಿನಲ್ಲಿ 12 ಇತ್ತು. ಹೇಳಿದರೆ ಮುಗಿಯಿತು. ಬಾಯಿ ತೆರೆದಳು, ಸಂಖ್ಯೆ ಹೊರಗೆ ಬರಲಿಲ್ಲ. ಮೂವತ್ತೊಂದು ಎನ್ನಲು ನೋಡಿದಳು, ಅದೂ ಬರಲಿಲ್ಲ. ಕಿಟಕಿಯ ಹೊರಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು. ಮೇಡಂ ಕಾದರು. ಅವತ್ತು ಸಾಕ್ಷಿಕಟ್ಟೆಯ ಎದುರು ಕಾದಂತೆಯೇ, ಅವಸರವಿಲ್ಲದೆ, ನ್ಯಾಯವಾಗಿ, ಒಂದು ನಿಮಿಷ ಪೂರ್ತಿ ಕಾದರು.

“ಸರಿ,” ಎಂದರು ಕೊನೆಗೆ, ಪ್ರೀತಿಯಿಂದಲೇ. “ಸಹಿ ಹಾಳೆಯದು ತಾನೆ. ಮುಂದೆ ಹೋಗು.”

ಎಷ್ಟು ಸುಲಭವಾಗಿ ಆಗಿಹೋಯಿತು. ಸುಮ್ಮನಿದ್ದವಳ ಬಾಯಿಗೆ ಒಂದು ಉತ್ತರ ಇಟ್ಟು ಲೋಕ ಮುಂದಕ್ಕೆ ಹೊರಟಿತು. ಅವಳು ಇಪ್ಪತ್ತನೇ ಪ್ಯಾರಾದ ಮೇಲೆ ಕಣ್ಣಿಟ್ಟಳು. ಎರಡೇ ಸಾಲು. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ದನಿ ಎಂದಿನಂತೆಯೇ ಹೊರಟಿತು, ಬಣ್ಣವಿಲ್ಲದೆ, ಸಪಾಟಾಗಿ.

“ಮೇಡಂ, ಆವತ್ತು ಅವರು ಬಸ್ಸಿನಲ್ಲೇ ಇರ್ಲಿಲ್ಲ.”